ಇಟ್ಟಿಗೆಯ ಗುಂಪಿನಲ್ಲಿ ಚಕ್ಕುಲಿ

ತನ್ನ ಹೊಸ ಚಕ್ಕುಲಿ ಯಂತ್ರದ ಪೇಟೆಂಟ್ ಅರ್ಜಿ ಅಣ್ಣನ ಕಣ್ಣಿಗೆ ಬೀಳಬಾರದು ಎಂಬುದು ವೃಷಭೇಂದ್ರನ ಪಟ್ಟು. ಕಾರ್ಖಾನೆ ಪಾಲಾದಂದಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ.

“ಮುಚ್ಚಿಡೋಕಾಗಲ್ಲ ಸಾರ್,” ಎಂದಳು ಪೇಟೆಂಟ್ ಏಜೆಂಟ್ ಸುಹಾಸಿನಿ. “ಹುಡುಕೋರಿಗೆ ಸಿಗಲಿ ಅಂತಾನೇ ಪ್ರತಿಯೊಂದನ್ನೂ ಅದರದರ ವರ್ಗಕ್ಕೆ ಸೇರಿಸ್ತಾರೆ. ಚಕ್ಕುಲಿ ಯಂತ್ರ ತಿಂಡಿ ಯಂತ್ರಗಳ ವರ್ಗಕ್ಕೆ ಹೋಗುತ್ತೆ.”

“ಆ ಕಳ್ಳ ಮೊದಲು ತಡಕಾಡೋದೇ ಅಲ್ಲಿ. ಹಿಟ್ಟು, ಚಕ್ಕುಲಿ ಅಂತ ಬರೀಲೇಬೇಡಿ. ಮೆತ್ತಗಿರೋ ಮುದ್ದೆಯನ್ನ ಅಚ್ಚಿನಲ್ಲಿ ಒತ್ತೋ ಯಂತ್ರ ಅಂತ ಬರೀರಿ. ಇಟ್ಟಿಗೆ ಯಂತ್ರಗಳ ಜೊತೆ ಬಿದ್ದಿರಲಿ. ಚಕ್ಕುಲಿ ಮಾಡೋನು ಅಲ್ಲಿಗೆ ಯಾಕೆ ಹೋಗ್ತಾನೆ?”

“ಸ್ವಂತ ಅಣ್ಣ ಅಲ್ವಾ ಸಾರ್?”

“ಪಾಲಾದ ಮೇಲೆ ಅಣ್ಣ ಅಲ್ಲ, ದಾಯಾದಿ. ನಿಮಗೆ ಫೀಸು ಕೊಡ್ತಿರೋದು ಬುದ್ಧಿ ಹೇಳಿಸಿಕೊಳ್ಳೋಕಲ್ಲ.”

ಸುಹಾಸಿನಿ ಕಂಪ್ಯೂಟರಿನತ್ತ ತಿರುಗಿದಳು. ಅರ್ಜಿ ಹಾಕುವ ಮುನ್ನ ಆ ವರ್ಗದಲ್ಲಿ ಹಳೆಯದೇನಿದೆ ಎಂದು ನೋಡುವುದು ಅವಳ ಪದ್ಧತಿ. ಇಟ್ಟಿಗೆ ಯಂತ್ರಗಳ ಅರ್ಜಿಗಳನ್ನು ಒಂದೊಂದಾಗಿ ಸರಿಸುತ್ತಿದ್ದವಳು ಒಂದರ ಬಳಿ ತಡೆದಳು. ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು.

ಆ ಅರ್ಜಿಯಲ್ಲಿ ಚಕ್ಕುಲಿ ಎಂಬ ಪದ ಎಲ್ಲೂ ಇರಲಿಲ್ಲ. ಚಿತ್ರದಲ್ಲಿ ಮಾತ್ರ ವೃಷಭೇಂದ್ರನ ಯಂತ್ರದಲ್ಲಿದ್ದ ಅದೇ ತಿರುಗುವ ತಟ್ಟೆ, ಇಟ್ಟಿಗೆಗೆ ಯಾರೂ ಇಡದ ಅದೇ ನಕ್ಷತ್ರದ ತೂತಿನ ಬಿಲ್ಲೆ.

ಅರ್ಜಿ ಹೋದ ವರ್ಷದ್ದು, ಹೆಸರು ಅಣ್ಣನದು.