ಅವ್ವನಿಗೆ ಹೇಳಿದ ಸಿನಿಮಾಗಳು

ಸಾಂಬ್ರಾಣಿ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ಬೈರಮಂಗಲದ ನಮ್ಮ ಮನೆಯ ಒಳಕೋಣೆ ಕಣ್ಮುಂದೆ ಬರುತ್ತದೆ.

ಆ ದಸರಾ ರಜೆಗೆ ನನ್ನನ್ನು ಬಿಡದಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ವಾಪಸು ಬಂದಾಗ ಅವ್ವನ ಹೊಟ್ಟೆ ಇಳಿದಿತ್ತು, ಮಗು ಮಾತ್ರ ಇರಲಿಲ್ಲ. ಹುಟ್ಟಿದ ದಿನವೇ ಹೋಯಿತಂತೆ. ಗೋಡೆ ಕಡೆ ತಿರುಗಿ ಮಲಗಿದ ಅವ್ವ ಅಂದಿನಿಂದ ಯಾರ ಜೊತೆಗೂ ಮಾತಾಡಿರಲಿಲ್ಲ.

"ನೀನಾದ್ರೂ ಒಸಿ ಮಾತಾಡ್ಸವ್ವ," ಅಂದಳು ಅಜ್ಜಿ ನನಗೆ, ಅವ್ವನ ಒದ್ದೆ ಕೂದಲಿಗೆ ಹೊಗೆ ಹಿಡಿಯುತ್ತ.

ನನ್ನ ಹತ್ತಿರ ಇದ್ದದ್ದು ಚಿಕ್ಕಮ್ಮನ ಟಿವಿಯಲ್ಲಿ ನೋಡಿದ ಸಿನಿಮಾಗಳಷ್ಟೇ. "ಒಂದ್ರಲ್ಲಿ ಬರೀ ಫೈಟು ಕಣವ್ವ, ಚೆನ್ನಾಗಿಲ್ಲ. ದೆವ್ವದ್ದು ಪರವಾಗಿಲ್ಲ, ಆದ್ರೆ ದೆವ್ವ ಲಿಪ್‌ಸ್ಟಿಕ್ ಹಾಕ್ಕೊಂಡಿತ್ತು."

ಅವ್ವ ಅಲುಗಲಿಲ್ಲ. ನೋಡಿದ್ದೆಲ್ಲ ಮುಗಿಯಿತು. ನಿಲ್ಲಿಸಲು ಹೆದರಿಕೆಯಾಗಿ, ನೋಡದೇ ಇದ್ದ ಒಂದನ್ನು ನಾನೇ ಕಟ್ಟಿ ಹೇಳತೊಡಗಿದೆ. ಅದರಲ್ಲಿ ಒಬ್ಬಳು ತಾಯಿ ಜ್ವರ ಬಂದ ಕೂಸನ್ನು ಎತ್ತಿಕೊಂಡು ಕೆರೆ ಏರಿ ಮೇಲೆ ಓಡುತ್ತಿದ್ದಳು. ಬಸ್ಸೇ ಇರಲಿಲ್ಲ.

ಅವ್ವ ಮೆಲ್ಲಗೆ ನನ್ನ ಕಡೆ ಹೊರಳಿದಳು. "ಮಗ ಉಳ್ಕತಾ?" ಅಂದಳು.

"ಉಳ್ಕತು ಕಣವ್ವ. ಆಮೇಲೆ ಸ್ಕೂಲಿಗೂ ಹೋಯ್ತು."

ಅವ್ವ ನನ್ನನ್ನು ಎಳೆದು ತಬ್ಬಿಕೊಂಡು ಜೋರಾಗಿ ಅತ್ತಳು. ಗಾಬರಿಯಿಂದ ನಾನು ಅಜ್ಜಿಯ ಮುಖ ನೋಡಿದೆ.

"ಅಳ್ಲಿ ಬುಡು," ಅಂದು ಅಜ್ಜಿ ಹೊರಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದಳು.