ಸಭೆಗೆ ಬಂದ ಷೇರುದಾರಳು

"ತಗೊಳ್ಳಿ ಆಂಟಿ, ನಿಮ್ಮ ಉಡುಗೊರೆ. ಇನ್ನು ನೀವು ಹೊರಡಬಹುದು," ಎಂದು ಮೇಜಿನ ಹಿಂದಿದ್ದ ಹುಡುಗಿ ಸೋಪಿನ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. ತೈಚುಂಗ್ ನಗರದ ಆ ಸೈಕಲ್ ಕಾರ್ಖಾನೆಯ ವಾರ್ಷಿಕ ಸಭೆಗೆ ಬರುವ ಸಣ್ಣಪುಟ್ಟ ಷೇರುದಾರರು ಮಾಡುವುದೇ ಅಷ್ಟು: ಉಡುಗೊರೆ ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತುವುದು.

"ಸೋಪು ನೀನೇ ಇಟ್ಕೊಳ್ಳಮ್ಮ. ನಾನು ಸಭೆಗೆ ಬಂದಿರೋದು," ಎಂದಳು ಚಿಯು-ಮೈ.

ತಿಂಡಿ ಅಂಗಡಿ ನಡೆಸುವ ಅವಳು ಈ ಷೇರು ಕೊಂಡದ್ದು, ಅಕ್ಕ ಪಾವ್-ಯುನ್ ಇಲ್ಲೇ ದುಡಿಯುತ್ತಾಳೆಂಬ ಧೈರ್ಯದ ಮೇಲೆ. ಕೆಲವೇ ವಾರಗಳಲ್ಲಿ ಬೆಲೆ ಸರಸರನೆ ಏರಿತು. ಹಿಗ್ಗಿ ಹೋದ ಚಿಯು-ಮೈ ಅನಾನಸ್ ಕೇಕ್ ಕಟ್ಟಿಸಿಕೊಂಡು ಅಕ್ಕನ ಮನೆಗೆ ಓಡಿದಳು. ಅಕ್ಕ ಪೊಟ್ಟಣ ಬಿಚ್ಚಲೇ ಇಲ್ಲ.

"ಯಾಕೆ ಏರ್ತು ಅಂತ ಗೊತ್ತೇನೇ? ಜೋಡಣೆ ವಿಭಾಗ ವಿಯೆಟ್ನಾಮಿಗೆ ಹೋಗ್ತಿದೆ. ನಮ್ಮನ್ನೆಲ್ಲ ಮನೆಗೆ ಕಳಿಸ್ತಾರೆ ಅಂತ ಸುದ್ದಿ ಬಂತಲ್ಲ, ಅವತ್ತಿಂದ! ನನ್ನ ಅನ್ನ ಹೋಗಿದ್ದಕ್ಕೆ ಕೇಕ್ ತಂದಿದೀಯ. ತಿನ್ನು, ನೀನೇ ತಿನ್ನು!"

ಅಂದಿನಿಂದ ಅಕ್ಕ ಫೋನ್ ಎತ್ತಿರಲಿಲ್ಲ. ಇದನ್ನು ಯಾಕಾದರೂ ಕೊಂಡೆನೋ ಎಂದು ಚಿಯು-ಮೈ ತನ್ನನ್ನೇ ಬೈದುಕೊಂಡಳು. ಮಾರಿ ಕೈತೊಳೆದುಕೊಳ್ಳೋಣವೆಂದು ಹೋದರೆ ಬ್ರೋಕರ್ ಹಲ್ಲು ಕಿರಿದ: "ಅವಸರ ಯಾಕೆ? ಇನ್ನೊಂದಷ್ಟು ಜನರನ್ನ ತೆಗೀಲಿ, ಇನ್ನೂ ಏರುತ್ತೆ." ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಾರದೆಯೇ ಎದ್ದು ಬಂದಿದ್ದಳು.

ಸಭೆಯಲ್ಲಿ ಅಧ್ಯಕ್ಷ ಲಾಭಾಂಶ ಘೋಷಿಸಿದಾಗ ಮುಂದಿನ ಸಾಲುಗಳಿಂದ ಚಪ್ಪಾಳೆ ಬಿತ್ತು. ಚಿಯು-ಮೈ ಎದ್ದು ನಿಂತು ಮೈಕ್ ಕೇಳಿ ಪಡೆದಳು.

"ಜೋಡಣೆ ವಿಭಾಗದ ಹೆಂಗಸರು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದಾರೆ. ಅವರ ಹೊಟ್ಟೆ ಮೇಲೆ ಹೊಡೆದು ನಮಗೆ ಹಂಚ್ತಿದೀರಲ್ಲ, ಇದು ನಮ್ಮ ಗಂಟಲಲ್ಲಿ ಇಳಿಯುತ್ತೇನ್ರೀ?"

ಅಧ್ಯಕ್ಷ ನಕ್ಕ. "ನೀವು ಷೇರುದಾರರೋ, ನೌಕರರ ಕಡೆಯವರೋ? ಇದೆಲ್ಲ ನಿಮ್ಮ ಒಳ್ಳೇದಕ್ಕೇ ಮಾಡ್ತಿರೋದು ಮೇಡಂ."

"ನನ್ನ ಹೆಸರು ಹೇಳ್ಕೊಂಡು ನನ್ನ ಅಕ್ಕನ್ನ ಬೀದಿಗೆ ಹಾಕ್ಬೇಡಿ! ನಾನು ಕೇಳಿದ್ನಾ? ಯಾವತ್ತು ಕೇಳಿದ್ದೆ, ಹೇಳಿ!"

ಮೈಕ್ ಸತ್ತಿತು. ಪಕ್ಕದ ಕುರ್ಚಿಯ ಮುದುಕ, "ಕೂತ್ಕೊಳ್ಳಮ್ಮ, ಊಟಕ್ಕೆ ಹೊತ್ತಾಗುತ್ತೆ," ಎಂದು ಗೊಣಗಿದ. ಅವಳು ಕೂರದೆ, ಮೈಕಿಲ್ಲದೆಯೇ ಅದನ್ನೇ ಮತ್ತೆ ಕೂಗಿ ಕೇಳಿದಳು. ಬೆಳಗಿನ ಗಿರಾಕಿಗಳ ಗದ್ದಲದ ಮೇಲೆ ಕೂಗಿ ಪಳಗಿದ ಕಂಠ ಅದು. ತೆರೆದ ಕಿಟಕಿಗಳಾಚೆ ಗೇಟಿನವರೆಗೂ ಹೋಯಿತು. ಜೋಡಣೆ ವಿಭಾಗವನ್ನು ವಿಯೆಟ್ನಾಮಿಗೆ ಸಾಗಿಸುವ ನಿರ್ಣಯ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಪಾಸಾಯಿತು. ಕಾವಲುಗಾರರಿಬ್ಬರು ಅವಳನ್ನು ಬಾಗಿಲಿನವರೆಗೆ ನಡೆಸಿಕೊಂಡು ಬಂದರು.

ಗೇಟಿನಾಚೆ, ಹಣೆಗೆ ಹಳದಿ ಪಟ್ಟಿ ಕಟ್ಟಿದ ಹೆಂಗಸರ ನಡುವೆ ಪಾವ್-ಯುನ್ ನಿಂತಿದ್ದಳು. ಕೂಗಿ ಕೂಗಿ ಅವಳ ಗಂಟಲೂ ಒಡೆದಿತ್ತು. ಚಿಯು-ಮೈ ತಲೆ ಎತ್ತಲಾರದೆ ಹೇಳಿದಳು: "ನಾಳೆನೇ ಮಾರಿಬಿಡ್ತೀನಿ ಅಕ್ಕಾ. ಆ ದರಿದ್ರ ನನಗೆ ಬೇಡ."

ಅಕ್ಕ ರಪ್ಪನೆ ಅವಳ ರಟ್ಟೆ ಹಿಡಿದಳು.

"ಮಾರಿದ್ರೆ ಕಾಲು ಮುರೀತೀನಿ! ಇಪ್ಪತ್ತು ವರ್ಷ ದುಡಿದವಳನ್ನ ಗೇಟಿನ ಒಳಗೇ ಬಿಡ್ಲಿಲ್ಲ ಕಣೇ. ನಿನ್ನನ್ನ ಕುರ್ಚಿ ಹಾಕಿ ಕೂರಿಸಿದ್ರು." ಒಂದು ಕ್ಷಣ ಉಸಿರು ತಿರುಗಿಸಿಕೊಂಡು ಕೇಳಿದಳು: "ನಂಗೂ ಒಂದು ಷೇರು ಬೇಕು. ಎಲ್ಲಿ ಮಾರ್ತಾರೆ, ತೋರ್ಸು ನಡಿ."