ದಡ ಮೀರದ ಹೊನಲಮ್ಮ

“ಅಕ್ಕಾ, ನಿಮ್ಮ ಗುಬ್ಬಿ ಮತ್ತೆ ಬಂದಿದ್ದಾಳೆ,” ಎಂದ ಮೊಬೈಲ್ ಆಟದ ಕಂಪನಿಯ ದೂರು ವಿಭಾಗದವನು. “ಇದು ಒಂಬತ್ತನೇ ಪತ್ರ. ಆಟ ಕೆಟ್ಟಿದೆ ಅನ್ನೋದಿಲ್ಲ, ನಿಧಾನ ಅನ್ನೋದಿಲ್ಲ. ಅದೇ ಪ್ರಶ್ನೆ. ಇದಕ್ಕೆ ನಾನೇನು ಉತ್ತರ ಕೊಡಲಿ?”

ಕಥೆಗಾರ್ತಿ ಕುರ್ಚಿ ಎಳೆದುಕೊಂಡು ಓದಿದಳು. ಸಾಲಿಗೆರಡು ಕಾಗುಣಿತದ ತಪ್ಪು, ತಿದ್ದಿಕೊಂಡೇ ಓದಬೇಕಿತ್ತು.

“ಕೆಂಡರಾಯ ಊರು ಸುಟ್ಟ. ಅವನು ಕೆಟ್ಟವನು, ಸರಿ. ಹೊನಲಮ್ಮ ಬರೀ ನೋಡ್ತಾ ಇದ್ಲು. ಅವಳೂ ಅಷ್ಟೇ ಕೆಟ್ಟವಳಾ? ಕತೆ ಬರೆದೋರೇ ಹೇಳಬೇಕು. ಬೇರೆಯವರು ಬೇಡ.”

ಆಟದ ದೇವರುಗಳನ್ನೆಲ್ಲ ಹುಟ್ಟಿಸಿದ್ದು ಇವಳೇ. ಬೆಂಕಿಗೆ ಕೆಂಡರಾಯ, ನದಿಗೆ ಹೊನಲಮ್ಮ. ಒಬ್ಬರ ಎಲ್ಲೆಯನ್ನು ಇನ್ನೊಬ್ಬರು ದಾಟುವುದಿಲ್ಲವೆಂದು ಆಣೆ ಇಟ್ಟುಕೊಂಡವರು. ಕೆಂಡರಾಯ ಕಣಿವೆಯ ಊರನ್ನು ಸುಡುತ್ತಾನೆ. ಪಕ್ಕದಲ್ಲೇ ಹರಿಯುವ ಹೊನಲಮ್ಮ ಒಮ್ಮೆ ಉಕ್ಕಿದ್ದರೆ ಸಾಕಿತ್ತು. ಅವಳು ದಡ ಮೀರುವುದಿಲ್ಲ. ಆಟದ ಕೊನೆಯ ಭಾಗದಲ್ಲಿ ಇಬ್ಬರದೂ ವಿಚಾರಣೆ. ತೀರ್ಪನ್ನು ಇವಳು ಸಂಜೆಯೊಳಗೆ ಬರೆದು ಕೊಡಬೇಕಿತ್ತು. ಹದಿನೈದು ದಿನದಿಂದ ಒಂದು ಸಾಲೂ ಬಂದಿರಲಿಲ್ಲ.

“ಎಷ್ಟು ವಯಸ್ಸಿರಬಹುದು?”

“ಗುಬ್ಬಿ ಅಂತ ಇಟ್ಟುಕೊಂಡಿರೋ ಹೆಸರು ನೋಡಿದರೆ ಚಿಕ್ಕವಳು. ಆಟಕ್ಕೂ ಹೊಸಬಳು. ಮೊದಲನೇ ಸೇತುವೆ ದಾಟೋಕೆ ಹದಿನೇಳು ದಿನ ತಗೊಂಡಿದ್ದಾಳೆ ಅಕ್ಕಾ! ಬಿದ್ದು ಬಿದ್ದು ಏಳ್ತಾಳೆ, ಬಿಡೋದಿಲ್ಲ. ದಿನಾ ಎರಡರಿಂದ ನಾಲ್ಕರವರೆಗೆ ಮಾತ್ರ.”

“ಮನೆಯವರು ಇಲ್ಲದ ಹೊತ್ತು,” ಎಂದಳು ಕಥೆಗಾರ್ತಿ.

ಹಳೆಯ ಪತ್ರಗಳನ್ನೂ ತೆಗೆಸಿದಳು. “ಹೊನಲಮ್ಮನಿಗೂ ಕೆಂಡರಾಯನ್ನ ಕಂಡ್ರೆ ಭಯ ಇತ್ತೇನೋ.” ಇನ್ನೊಂದು: “ಮನೇಲಿ ಸುಡೋರು ಒಬ್ರಿದ್ರೆ, ಇನ್ನೊಬ್ರು ಏನು ಮಾಡಬೇಕು?”

ಇದು ಆಟದ ಪ್ರಶ್ನೆಯಲ್ಲ. ಎಲ್ಲೋ ಒಂದು ಮನೆಯಲ್ಲಿ ಒಂದು ಮಗು ಸುಡಿಸಿಕೊಳ್ಳುತ್ತಿದೆ.

ಅವಳಿಗೆ ಗೊತ್ತಿತ್ತು. ಅವಳ ಎಡತೋಳಿನ ಮೇಲೆ ಅಂಗೈಯಗಲದ ಸುಟ್ಟ ಕಲೆ, ನುಣ್ಣಗೆ, ಕೂದಲಿಲ್ಲದ್ದು. ಅಪ್ಪನದು ಇಸ್ತ್ರಿ ಅಂಗಡಿ. ಊರವರ ಅಂಗಿಯ ಸುಕ್ಕನ್ನೆಲ್ಲ ನಯವಾಗಿ ತೆಗೆಯುತ್ತಿದ್ದ ಮನುಷ್ಯ, ಮನೆಗೆ ಬಂದರೆ ಬೇರೆಯೇ ಆಗುತ್ತಿದ್ದ. ಅವಳಿಗೆ ಆಗ ಏಳು ವರ್ಷ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೂಗಲಿಲ್ಲ, ಅಡ್ಡ ಬರಲಿಲ್ಲ. ಅಪ್ಪ ಸತ್ತು ಹನ್ನೊಂದು ವರ್ಷವಾದರೂ ಆ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ.

ಆವತ್ತು ತನಗೆ ಯಾರಾದರೂ ಹೇಳಬೇಕಿದ್ದ ಮಾತನ್ನು ಈ ಮಗುವಿಗೆ ಹೇಳಲೇಬೇಕೆಂದುಕೊಂಡಳು. ಅಲ್ಲೇ ಕೂತು ಉತ್ತರ ಬರೆದಳು.

“ಪುಟ್ಟಾ, ಸುಡುವವನು ತಪ್ಪಿತಸ್ಥ. ನೋಡುತ್ತ ನಿಂತವಳು ಅವನಿಗಿಂತ ದೊಡ್ಡ ತಪ್ಪಿತಸ್ಥೆ. ಅವನ ಹತ್ತಿರ ಬೆಂಕಿ ಮಾತ್ರ ಇತ್ತು, ಅವಳ ಹತ್ತಿರ ನೀರಿತ್ತು. ಹೊನಲಮ್ಮನಿಗೆ ಕ್ಷಮೆಯಿಲ್ಲ. ನಿನ್ನ ಮನೆಯಲ್ಲಿ ಅಂಥವರಿದ್ದರೆ ನೀನೂ ಕ್ಷಮಿಸಬೇಕಾಗಿಲ್ಲ. ಹೊರಗಿನವರಿಗೆ ಹೇಳು. ನನಗೆ ಹೇಳು.”

“ಸ್ವಲ್ಪ ಖಾರ ಆಯ್ತಲ್ವಾ ಅಕ್ಕಾ?” ದೂರು ವಿಭಾಗದವನು ತಲೆ ಕೆರೆದುಕೊಂಡ. “ಪಾಪ, ಅವಳು ಆಣೆಗೆ ಕಟ್ಟುಬಿದ್ದಿದ್ದಳಲ್ಲ.”

“ಆಣೆ ಇಟ್ಟವಳಿಗೆ ಮುರಿಯೋಕೂ ಬರುತ್ತೆ ಕಣೋ. ಕಳಿಸು.”

ಕಳಿಸಿದ. ಅವಳು ತನ್ನ ಮೇಜಿಗೆ ಹೋಗಿ ತೀರ್ಪನ್ನು ಒಂದೇ ಉಸಿರಿಗೆ ಬರೆದು ಮುಗಿಸಿದಳು. ಕೆಂಡರಾಯನಿಗೆ ಸಾವಿರ ವರ್ಷದ ಸೆರೆ. ಹೊನಲಮ್ಮ ಬತ್ತಿಹೋಗಬೇಕು, ಹನಿಯೂ ಉಳಿಯದ ಹಾಗೆ. ಎದೆ ಹಗುರಾಯಿತು.

“ಅಕ್ಕಾ, ಬೇಗ ಬನ್ನಿ ಇಲ್ಲಿ!”

ಗುಬ್ಬಿಯ ಉತ್ತರ ಬಂದಿತ್ತು. “ಸರಿ. ನಾನೂ ಹಾಗೇ ಅಂದ್ಕೊಂಡಿದ್ದೆ. ನಿಮ್ಮಿಂದ ಒಂದ್ಸಲ ಕೇಳಬೇಕಿತ್ತು, ಅಷ್ಟೇ. ಇನ್ನು ತೊಂದರೆ ಕೊಡಲ್ಲ.”

ಪರದೆಯ ಮೇಲೆ ಗುಬ್ಬಿ ನದಿಗೆ ಇಳಿಯುತ್ತಿದ್ದಳು. ನೀರು ಸೊಂಟಕ್ಕೆ ಬಂತು. ಕತ್ತಿಗೆ ಬಂತು. ಅವಳು ನಿಲ್ಲಲಿಲ್ಲ. ನಂತರ ಹೆಸರೇ ಮಾಯವಾಯಿತು.

“ಖಾತೆ ಅಳಿಸಿಬಿಟ್ಟಳು,” ಎಂದ ಅವನು.

“ನಂಬರ್ ಇರುತ್ತಲ್ಲ? ತೆಗಿ.”

“ಯಾರಿಗೂ ಕೊಡೋ ಹಾಗಿಲ್ಲ ಅಕ್ಕಾ. ಕೆಲಸ ಹೋಗುತ್ತೆ.”

“ಆ ಮಗು ಏನಾದರೂ ಮಾಡಿಕೊಂಡರೆ? ನಾವಿಬ್ಬರೂ ಇಲ್ಲಿ ಕೂತು ನೋಡೋಣವಾ?”

ಅವನು ಹುಡುಕಿದ. ಕಚೇರಿಯ ಫೋನಿನಿಂದ ಒಮ್ಮೆ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಯಾರೂ ಎತ್ತಲಿಲ್ಲ.

“ಕಚೇರಿ ನಂಬರ್ ಅಂತ ಎತ್ತುತ್ತಿಲ್ಲವೇನೋ. ಹೇಳು, ನನ್ನದರಿಂದ ಮಾಡ್ತೀನಿ.”

ಅವನು ಒಂದೊಂದೇ ಅಂಕಿ ಓದಿದ. ಅವಳು ಒತ್ತುತ್ತ ಹೋದಳು. ಏಳು. ಎಂಟು.

ಒಂಬತ್ತನೆಯದನ್ನು ಅವನು ಹೇಳುವ ಮೊದಲೇ ಅವಳ ಫೋನು ಆ ನಂಬರನ್ನು ಗುರುತು ಹಿಡಿದು ಹೆಸರು ತೋರಿಸಿತು: ಅಮ್ಮ.